ಮಾಂಟಿ ಪೈಥಾನ್ ನಗು ಇವತ್ತಿಗೂ ತಾಜಾನಾ?

ಪರ: ಅಲ್ಲಿ ಗಿಳಿ, ನಮ್ಮಲ್ಲಿ ಗ್ರೈಂಡರ್

ಎರಡು ವರ್ಷದ ಹಿಂದೆ, ಅಷ್ಟಮಿಯ ಮುನ್ನಾದಿನ ನಮ್ಮ ಗ್ರೈಂಡರ್ ನಿಂತುಹೋಯಿತು. ತಂದು ಮೂರು ವಾರವೂ ಆಗಿರಲಿಲ್ಲ. ಅಮ್ಮ ಅಕ್ಕಿ, ಉದ್ದು ನೆನೆಹಾಕಿದ್ದರು. ಮಾರ್ಕೆಟ್ಟಿನಿಂದ ಹಿಟ್ಟು ತುಂಬಿ ಬೇಯಿಸುವ ಎಲೆಯ ಖಾಲಿ ಮೂಡೆ ತಂದು ಇಟ್ಟಾಗಿತ್ತು. ಜೋರು ಮಳೆ. ನಾನೂ ಅಮ್ಮನೂ ಗ್ರೈಂಡರನ್ನು ರಿಕ್ಷಾದಲ್ಲಿ ಇಟ್ಟುಕೊಂಡು ಅದನ್ನು ಕೊಂಡ ಅಂಗಡಿಗೇ ಹೋದೆವು.

ಅಂಗಡಿಯವರು ಸ್ವಿಚ್ ಹಾಕಿದರು. ಕಲ್ಲು ಅಲ್ಲಾಡಲಿಲ್ಲ.

"ಹಾಳಾಗಿಲ್ಲ ಅಕ್ಕ. ಮಳೆಗಾಲ ಅಲ್ವಾ, ಮೋಟರಿಗೆ ಥಂಡಿ ಹಿಡಿದಿದೆ. ಒಂದು ದಿನ ಸುಮ್ನೆ ಬಿಡಿ."

"ಸುಟ್ಟ ವಾಸನೆ ಬರ್ತಾ ಉಂಟಲ್ಲ?"

"ಹೊಸ ಮೋಟರಿಗೆ ಹಾಗೇ."

"ತಿರುಗುವುದಿಲ್ಲ ಅಂತ ಕಣ್ಣಿಗೇ ಕಾಣ್ತದಲ್ವಾ ಮಾರಾಯ್ರೇ?"

"ತಿರುಗುವ ಮುಂಚೆ ಎಲ್ಲವೂ ಹಾಗೇ ಕಾಣುವುದು ಅಕ್ಕ."

ಅಮ್ಮನ ಮುಖ ಕೆಂಪಾಗಿತ್ತು. ನನಗೆ ಮಾತ್ರ ಈ ಮಾತುಕತೆ ಮೊದಲೇ ಕೇಳಿದ ಹಾಗಿತ್ತು. ಕೇಳಿಯೂ ಇದ್ದೆ. ಮಾಂಟಿ ಪೈಥಾನ್ ಅನ್ನುವ ಬ್ರಿಟಿಷ್ ಹಾಸ್ಯ ತಂಡದ ಸ್ಕಿಟ್ ಅದು, 1969ರ ಡಿಸೆಂಬರ್ 7ರಂದು ಬಿಬಿಸಿ ಟಿವಿಯಲ್ಲಿ ಬಂದದ್ದು. ಜಾನ್ ಕ್ಲೀಸ್ ಸತ್ತ ಗಿಳಿಯೊಂದನ್ನು ಪಂಜರದ ಸಮೇತ ಅಂಗಡಿಗೆ ವಾಪಸ್ ತರುತ್ತಾರೆ. ಅಂಗಡಿಯವನಾಗಿ ಮೈಕೆಲ್ ಪೇಲಿನ್. ಗಿಳಿ ಸತ್ತಿಲ್ಲ, ಸುಸ್ತಾಗಿ ಮಲಗಿದೆ ಅನ್ನುತ್ತಾನೆ. ಅದು ನಾರ್ವೆಯ ಗಿಳಿ, ಊರಿನ ನೆನಪಾಗಿ ಮಂಕಾಗಿದೆ ಅನ್ನುತ್ತಾನೆ. ಗಿರಾಕಿ ಅದನ್ನು ಮೇಜಿಗೆ ಬಡಿದು ತೋರಿಸಿದರೂ ಒಪ್ಪುವುದಿಲ್ಲ. ಅದು ಕೋಲಿನ ಮೇಲೆ ನಿಂತಿದ್ದದ್ದೇ ಕಾಲಿಗೆ ಮೊಳೆ ಹೊಡೆದಿದ್ದಕ್ಕೆ.

ಈ ಸ್ಕಿಟ್ಟಿನ ಮೂಲದಲ್ಲಿ ಗಿಳಿಯೇ ಇರಲಿಲ್ಲ. ಪೇಲಿನ್ ಅವರಿಗೆ ಒಬ್ಬ ಕಾರು ಮೆಕ್ಯಾನಿಕ್ ಇದ್ದ. ಏನೇ ಕೆಟ್ಟರೂ ಕೆಟ್ಟಿಲ್ಲ ಅನ್ನುವವನು. ಅವನ ಕತೆ ಮೊದಲು ಕಾರಿನ ಸ್ಕಿಟ್ ಆಯಿತು. ಆಮೇಲೆ ಕ್ಲೀಸ್ ಮತ್ತು ಗ್ರಹಾಂ ಚಾಪ್‌ಮನ್ ಕೂತು ಕಾರನ್ನು ಗಿಳಿ ಮಾಡಿದರು. ಕಾರು ಗಿಳಿಯಾಗಬಹುದಾದರೆ ಗಿಳಿ ಗ್ರೈಂಡರ್ ಆಗುವುದರಲ್ಲಿ ಏನು ಕಷ್ಟ? ನಗು ಇರುವುದು ವಸ್ತುವಿನಲ್ಲಿ ಅಲ್ಲ. ಕಣ್ಣೆದುರು ಇರುವುದನ್ನು ಇಲ್ಲ ಅನ್ನುವ ಮನುಷ್ಯನಲ್ಲಿ. ಆ ಮನುಷ್ಯ ಎಲ್ಲ ಊರಿನಲ್ಲೂ ಒಂದು ಕೌಂಟರಿನ ಹಿಂದೆ ಕೂತಿದ್ದಾನೆ. ಅದಕ್ಕೇ ಇದು ಹಳತಾಗುವುದಿಲ್ಲ.

ಮಾಂಟಿ ಪೈಥಾನ್ ತಂಡದವರು ಆರು ಜನ. ಕ್ಲೀಸ್, ಚಾಪ್‌ಮನ್, ಎರಿಕ್ ಐಡಲ್ ಕೇಂಬ್ರಿಜ್‌ನವರು. ಪೇಲಿನ್, ಟೆರ್ರಿ ಜೋನ್ಸ್ ಆಕ್ಸ್‌ಫರ್ಡ್‌ನವರು. ಹಳೇ ಚಿತ್ರಗಳನ್ನು ಕತ್ತರಿಸಿ ಕುಣಿಸುತ್ತಿದ್ದ ಟೆರ್ರಿ ಗಿಲಿಯಂ ಅಮೆರಿಕದವರು. ಇವರ ಟಿವಿ ಕಾರ್ಯಕ್ರಮ 1969ರ ಅಕ್ಟೋಬರ್ 5ರಿಂದ 1974ರವರೆಗೆ ಒಟ್ಟು 45 ಕಂತು. ಇವರು ಮಾಡಿದ ದೊಡ್ಡ ಕೆಲಸ, ಕೊನೆಯ ಪಂಚ್ ಬೇಕೇ ಬೇಕು ಅನ್ನುವ ನಿಯಮ ಬಿಟ್ಟದ್ದು. ಸ್ಕಿಟ್ ಒಂದು ಹಂತಕ್ಕೆ ಬಂತು, ಇನ್ನು ಎಳೆದರೆ ಸಪ್ಪೆ. ಆಗ ಒಬ್ಬ ಮಿಲಿಟರಿ ಅಧಿಕಾರಿ ಬಂದು, ಇದು ಅತಿಯಾಯಿತು, ನಿಲ್ಲಿಸಿ ಅನ್ನುತ್ತಾನೆ. ಇಲ್ಲವೇ ಮೇಲಿಂದ ದೊಡ್ಡ ಪಾದವೊಂದು ಬಂದು ಎಲ್ಲವನ್ನೂ ಅಪ್ಪಚ್ಚಿ ಮಾಡುತ್ತದೆ. ಕೊನೆಯ ಪಂಚನ್ನು ಒಮ್ಮೆ ಕೇಳಿದರೆ ಮುಗಿಯಿತು. ಪಂಚೇ ಇಲ್ಲದ್ದನ್ನು ಎಷ್ಟು ಸಲವೂ ನೋಡಬಹುದು. ನಾನು ಗಿಳಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ನಾನು ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ದಿನಾ ಬರೆಯುವ ಪೈಥಾನ್ ಭಾಷೆಗೆ ಹೆಸರು ಬಂದದ್ದು ಹಾವಿನಿಂದಲ್ಲ, ಈ ಕಾರ್ಯಕ್ರಮದಿಂದ. 1991ರಲ್ಲಿ ಅದನ್ನು ಹೊರಗೆ ತಂದ ಗಿಡೋ ವಾನ್ ರೋಸಮ್ ಇವರ ಅಭಿಮಾನಿ. ಬೇಡದ ಮೇಲ್‌ಗೆ ಸ್ಪ್ಯಾಮ್ ಅನ್ನುತ್ತೇವಲ್ಲ, ಅದೂ ಇವರ ಹೋಟೆಲ್ ಸ್ಕಿಟ್ಟಿನದೇ. ಅಲ್ಲಿ ಏನು ಕೇಳಿದರೂ ತಟ್ಟೆಗೆ ಸ್ಪ್ಯಾಮ್ ಅನ್ನುವ ಡಬ್ಬಿ ಮಾಂಸ ಬಂದೇ ಬರುತ್ತದೆ.

ಇದೆಲ್ಲ ಇಂಗ್ಲಿಷ್ ಮೀಡಿಯಂನವರ ಖಯಾಲಿ ಅನ್ನುವವರು ಇದ್ದಾರೆ. ಅವರಿಗೆ ನನ್ನ ಉತ್ತರ ಮತ್ತೆ ಗ್ರೈಂಡರೇ. ಅವತ್ತು ರಾತ್ರಿ ಪಕ್ಕದ ಮನೆಯ ಕಡೆಯುವ ಕಲ್ಲಿನಲ್ಲಿ ಹಿಟ್ಟು ಕಡೆದು, ಕೈ ನೋಯುತ್ತಾ ಕೂತಿದ್ದಾಗ ಅಮ್ಮನಿಗೆ ಫೋನಿನಲ್ಲಿ ಆ ಸ್ಕಿಟ್ ತೋರಿಸಿದೆ. ಅಮ್ಮ ಓದಿದ್ದು ಏಳನೇ ಕ್ಲಾಸಿನವರೆಗೆ, ಕನ್ನಡದಲ್ಲಿ. ನಾನು ಏನೂ ಹೇಳಿಕೊಡಲಿಲ್ಲ. ಗಿಳಿಯನ್ನು ಮೇಜಿಗೆ ಬಡಿದಾಗ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಈಗ ನಮ್ಮ ಮನೆಯಲ್ಲಿ ಬಲ್ಬು ಹೋದರೂ ಅದಕ್ಕೆ ಥಂಡಿ ಹಿಡಿದಿದೆ ಅಂತಲೇ ಹೇಳುವುದು.

ಚಾಪ್‌ಮನ್ ತೀರಿಕೊಂಡದ್ದು 1989ರ ಅಕ್ಟೋಬರ್ 4ರಂದು. ಮೊದಲ ಕಂತಿಗೆ 20 ವರ್ಷ ತುಂಬಲು ಒಂದೇ ದಿನ ಇತ್ತು. ಅವರ ಸ್ಮರಣೆಯ ಸಭೆಯಲ್ಲಿ ಕ್ಲೀಸ್ ಎದ್ದು ನಿಂತು, ಗಿಳಿಯ ಬಗ್ಗೆ ಇಬ್ಬರೂ ಕೂತು ಬರೆದ ಮಾತುಗಳನ್ನೇ ಗೆಳೆಯನಿಗೆ ಹೇಳಿದರು. ಸಭೆ ನಕ್ಕಿತು. ನನ್ನ ಅಪ್ಪ ತೀರಿಕೊಂಡ ವರ್ಷ ನಾನು ಆ ವೀಡಿಯೊ ನೋಡಿದ್ದು. ಅಪ್ಪನ ಬಗ್ಗೆ ಮೊದಲ ಸಲ ನಗುತ್ತಾ ಮಾತಾಡಲು ಸಾಧ್ಯ ಆದದ್ದು ಅದರ ನಂತರ. ಇಷ್ಟು ಕೊಟ್ಟವರನ್ನು ಹಳಬರು ಅಂತ ಬದಿಗಿಡಲು ನನ್ನಿಂದ ಆಗುವುದಿಲ್ಲ.

ವಿರೋಧ: ನಗಿಸುವವರು ಎದುರಿಗೆ ಇರಬೇಕು

ವಿರೋಧದ ಕಡೆ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ನನಗೆ ಮಾಂಟಿ ಪೈಥಾನ್ ಮೇಲೆ ಸಿಟ್ಟೇನೂ ಇಲ್ಲ. ಕ್ಲೀಸ್ ಉದ್ದ ಕಾಲು ಎತ್ತಿ ಎತ್ತಿ ಸರ್ಕಾರಿ ಆಫೀಸಿಗೆ ನಡೆದು ಹೋಗುವುದನ್ನು ನೋಡಿ ನಾನೂ ನಕ್ಕಿದ್ದೇನೆ. ಆದರೆ ಇವರನ್ನು ಈಗ ಹೊಗಳುವ ರೀತಿ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ.

ಇರುವುದು 45 ಕಂತು. ಜನ ಹೇಳುವುದು ಅದೇ ನಾಲ್ಕೈದು ಸ್ಕಿಟ್. ಒಂದು ಇಡೀ ಕಂತನ್ನು ಕೂತು ನೋಡಿ. ನಡುವೆ ಎಷ್ಟೋ ಹೊತ್ತು ಕಿರುಚಾಟ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಒಂದು ಫ್ರೆಂಚ್ ಕಾದಂಬರಿಯ ಸಾರವನ್ನು 15 ಸೆಕೆಂಡಿನಲ್ಲಿ ಹೇಳುವ ಸ್ಪರ್ಧೆ ಅಂತ ಒಂದು ಸ್ಕಿಟ್ ಇದೆ. ಆ ಕಾದಂಬರಿ ಎಷ್ಟು ಉದ್ದ ಅಂತ ಗೊತ್ತಿದ್ದವರಿಗೆ ಮಾತ್ರ ಅದು ತಮಾಷೆ. ಗೊತ್ತಿಲ್ಲದವರು ಗೊತ್ತಿದ್ದವರ ಮುಖ ನೋಡಿ ನಗಬೇಕು. ಪರ ಬರೆಯುವವರು ಗಿಳಿಯ ಕತೆ ಹೇಳುತ್ತಾರೆ ಅಂತ ನನಗೆ ಗೊತ್ತು. ಅಂಗಡಿಯವರು ಸುಳ್ಳು ಹೇಳುತ್ತಾರೆ ಅಂತ ತಿಳಿಯಲು ನಮಗೆ ಬಿಬಿಸಿ ಬೇಕಾ?

ಹೆಂಗಸರ ವಿಷಯ ನನಗೆ ಹೆಚ್ಚು ಚುಚ್ಚುತ್ತದೆ. ಆರೂ ಜನ ಗಂಡಸರು. ಹೆಂಗಸರ ಪಾತ್ರವನ್ನು ಹೆಚ್ಚಾಗಿ ಇವರೇ ಕೀರಲು ದನಿಯಲ್ಲಿ ಮಾಡುತ್ತಾರೆ. ಜೊತೆಗಿದ್ದ ಕ್ಯಾರಲ್ ಕ್ಲೀವ್‌ಲ್ಯಾಂಡ್ ಅವರಿಗೆ ಸಿಕ್ಕಿದ್ದು ಬಹಳಷ್ಟು ಸಲ ಚೆಂದದ ಹುಡುಗಿಯ ಪಾತ್ರ. ಯಕ್ಷಗಾನದಲ್ಲೂ ಗಂಡಸರೇ ಸ್ತ್ರೀವೇಷ ಮಾಡುತ್ತಾ ಬಂದವರು. ಆದರೆ ದಮಯಂತಿ ಅತ್ತರೆ ನಾವೂ ಅಳುತ್ತೇವೆ. ಅಲ್ಲಿ ಸೀರೆ ಉಟ್ಟದ್ದೇ ತಮಾಷೆ ಅಲ್ಲ. ನಮ್ಮ ಕೆಲವು ನಾಟಕಗಳಲ್ಲೂ ಆ ಕೀರಲು ದನಿ ಇದೆ, ಅದೂ ನನಗೆ ಹಿಡಿಸುವುದಿಲ್ಲ.

2014ರಲ್ಲಿ ಉಳಿದ ಐವರು ಲಂಡನ್ನಿನಲ್ಲಿ ಮತ್ತೆ ಸೇರಿ 10 ಪ್ರದರ್ಶನ ಕೊಟ್ಟರು. ಮೊದಲನೆಯದರ ಟಿಕೆಟ್ ಒಂದು ನಿಮಿಷದೊಳಗೆ ಖಾಲಿ. ಬಂದವರಿಗೆ ಗಿಳಿಯ ಮಾತೆಲ್ಲ ಬಾಯಿಪಾಠ. ಪ್ರೀತಿ ಇದ್ದದ್ದು ನಿಜ. ಆದರೆ ಮುಂದಿನ ಮಾತು ಏನು ಅಂತ ಗೊತ್ತಿದ್ದು ನಗುವುದನ್ನು ನಾನು ಹಾಸ್ಯ ಅನ್ನುವುದಿಲ್ಲ. ಅದು ಹಳೇ ಫೋಟೊ ನೋಡಿದ ಸಂತೋಷ.

ಬ್ರಹ್ಮಾವರದ ಹತ್ತಿರ ನಮ್ಮೂರು. ನನಗೆ ಹತ್ತು ವರ್ಷ ಇರುವಾಗ ಗದ್ದೆಯಲ್ಲಿ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ಇತ್ತು. ಅವತ್ತು ಬೆಳಿಗ್ಗೆ ನಮ್ಮೂರ ತೋಡಿನ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಮುರಿದುಬಿದ್ದಿತ್ತು. ರಾತ್ರಿ ಹಾಸ್ಯಗಾರರು ಇಂದ್ರನ ದೂತನಾಗಿ ರಂಗಕ್ಕೆ ಬಂದರು. ಯಾಕೋ ತಡ ಅಂತ ಭಾಗವತರು ಕೇಳಿದರು. "ಎಂತ ಮಾಡುವುದು ಭಾಗವತರೇ, ದೇವಲೋಕದಿಂದ ಇಲ್ಲಿವರೆಗೆ ದಾರಿ ಸರಿ ಇತ್ತು, ಈ ಊರಿನ ಸಂಕ ಮಾತ್ರ ಇಲ್ಲ" ಅಂತ ಹೇಳಿ ಹೆಗಲ ಶಾಲು ತೆಗೆದು ನೀರು ಹಿಂಡಿದರು. ಶಾಲು ಒಣಗಿಯೇ ಇತ್ತು. ಇಡೀ ಗದ್ದೆ ನಕ್ಕಿತು. ಸಂಕ ರಿಪೇರಿ ಮಾಡಿಸಬೇಕಾದವರೂ ಮುಂದಿನ ಸಾಲಿನಲ್ಲಿ ಕೂತು ನಕ್ಕರು. ಆ ಮಾತನ್ನು ಯಾರೂ ಮೊದಲೇ ಬರೆದಿರಲಿಲ್ಲ, ಮರುದಿನ ಇನ್ನೊಂದು ಊರಿನಲ್ಲಿ ಹೇಳುವ ಹಾಗೂ ಇರಲಿಲ್ಲ. ಬೇರೆ ದೇಶದಿಂದ ಬಂದ ಯಾವ ಕ್ಯಾಸೆಟ್ಟೂ ನಮ್ಮೂರ ಸಂಕವನ್ನು ಹಾಗೆ ನೋಡಲಾರದು.

ಬೆಳಕು ಹರಿದ ಮೇಲೆ ಅದೇ ತೋಡಿಗೆ ಇಳಿದು ಮನೆಗೆ ಹೊರಟೆವು. ಅಜ್ಜಿ ಒಂದು ಕೈಯಲ್ಲಿ ಚಾಪೆ, ಇನ್ನೊಂದರಲ್ಲಿ ನನ್ನನ್ನು ಹಿಡಿದಿದ್ದರು. ನೀರು ಮೊಣಕಾಲಿಗೆ ಬಂತು. ದಾಟಿ ದಡ ಹತ್ತಿದ ಮೇಲೆ ಸೆರಗಿನ ತುದಿ ಹಿಂಡುತ್ತಾ, "ದೇವಲೋಕದಿಂದ ಇಲ್ಲಿವರೆಗೆ ದಾರಿ ಸರಿ ಇತ್ತು" ಅಂತ ಹೇಳಿ ಇನ್ನೊಮ್ಮೆ ನಕ್ಕರು.