ಟೈಲ್ಸ್ ತುಂಡು ಕೈಯಲ್ಲಿ ಹಿಡಿದುಕೊಂಡೇ ಕಲ್ಲು ಕೊಳ್ಳಲು ಹೋಗಿ

ನಮ್ಮ ಬಾತ್‌ರೂಮಿನ ವಾಶ್ ಬೇಸಿನ್ ಕೌಂಟರ್ ಬದಲಾಯಿಸಿ ಒಂದು ತಿಂಗಳಾಯಿತು. ಇಷ್ಟು ಚಿಕ್ಕ ಕೆಲಸದ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ನಿಮಗನ್ನಿಸಬಹುದು. ಆದರೆ ಇದೇ ಕೆಲಸ ಶುರು ಮಾಡಿ, ಹೊಸ ಕಲ್ಲಿಗೆ ಹೊಂದಲಿಲ್ಲ ಅಂತ ಚೆನ್ನಾಗಿದ್ದ ನೆಲವನ್ನೂ ಗಟ್ಟಿಯಾಗಿದ್ದ ಕ್ಯಾಬಿನೆಟ್ಟನ್ನೂ ಒಡೆಸಿ ಹಾಕಿದ ನೆಂಟರನ್ನು ನೋಡಿದ್ದೇನೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನಲ್ಲಿ 15 ವರ್ಷದ ಮನೆ. ನೆಲಕ್ಕೆ ಕಂದು ಬೆರೆತ ಬೂದು ಬಣ್ಣದ, ಜಾರದ ಟೈಲ್ಸ್. ಬೇಸಿನ್ ಕೆಳಗೆ ತೇಗದ ಬಣ್ಣದ ಲ್ಯಾಮಿನೇಟ್ ಹಾಕಿದ ಕ್ಯಾಬಿನೆಟ್. ಒಳಗಿರುವುದು 710 ಗ್ರೇಡಿನ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ಇವತ್ತಿಗೂ ಒಂದು ಕಡೆಯೂ ಉಬ್ಬಿಲ್ಲ. ಹಾಳಾಗಿದ್ದು ಮೇಲಿನ ಬಿಳಿ ಮಾರ್ಬಲ್ ಮಾತ್ರ. ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಲಿ ಅಂತ ವರ್ಷಗಟ್ಟಲೆ ಕ್ಲೀನಿಂಗ್ ಆಸಿಡ್ ಹಾಕಿ ಉಜ್ಜಿದ್ದೆವು. ಹೊಳಪು ಹೋಯಿತು, ಕೈಯಿಟ್ಟರೆ ತರಿತರಿ. ಆಮೇಲೆ ಗೊತ್ತಾಯಿತು, ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ನೀರಿನ ಆ ಕಲೆಯೂ ಹೆಚ್ಚುಕಡಿಮೆ ಅದೇ. ಕಲೆ ಕರಗಿಸುವ ಆಸಿಡ್ ಕಲ್ಲನ್ನೂ ಕರಗಿಸುತ್ತದೆ. ನಿಂಬೆಹುಳಿ, ವಿನೆಗರ್ ಕೂಡ ಅಷ್ಟೇ. ಕಡಪ ಕಲ್ಲು, ಶಹಾಬಾದ್ ಕಲ್ಲು ಕೂಡ ಸುಣ್ಣಕಲ್ಲಿನ ಜಾತಿ, ಅವಕ್ಕೂ ಇದೇ ಪಾಡು. ಹಾಗಾಗಿ ನಮ್ಮ ನೀರಿಗೆ ಹೀಗೆ ಕರಗದ ಗ್ರಾನೈಟೇ ಸರಿ ಅಂತ ತೀರ್ಮಾನಿಸಿದೆವು. ಕ್ವಾರ್ಟ್ಜ್ ಕೂಡ ಒಳ್ಳೆಯದೇ, ಆದರೆ ಬೆಲೆ ಜಾಸ್ತಿ.

ಮೊದಲ ಸಲ ಕಲ್ಲಿನ ಅಂಗಡಿಗೆ ಬರಿಗೈಯಲ್ಲಿ ಹೋದೆವು. ಅಲ್ಲಿ ಒಂದು ಬೂದು ಕಲ್ಲು ಎಲ್ಲರಿಗೂ ಇಷ್ಟವಾಯಿತು. ನೆಲವೂ ಬೂದು, ಇದೂ ಬೂದು, ಇನ್ನೇನು ಬೇಕು? ಪುಣ್ಯಕ್ಕೆ ದುಡ್ಡು ಕೊಡುವ ಮೊದಲು ಒಂದು ಸಣ್ಣ ತುಂಡು ಕೇಳಿ ಮನೆಗೆ ತಂದೆವು. ನೆಲದ ಮೇಲಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ! ಕಲ್ಲಿನದು ನೀಲಿಗೆ ತಿರುಗುವ ಬೂದು, ನಮ್ಮ ನೆಲದ್ದು ಕಂದಿಗೆ ತಿರುಗುವ ಬೂದು. ಆ ಕಲ್ಲಿನ ಪಕ್ಕ ನಮ್ಮ ಟೈಲ್ಸ್ ಕೊಳೆಯಾದ ಹಾಗೆ ಕಾಣುತ್ತಿತ್ತು. ಅಂಗಡಿಯಲ್ಲಿ ನಿಂತು ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಪಕ್ಕದಲ್ಲಿರುವುದು ಬೇರೆ ಕಲ್ಲುಗಳು, ನಮ್ಮ ನೆಲ ಅಲ್ಲ.

ಎರಡನೇ ಸಲ ಅಟ್ಟದಲ್ಲಿ ಉಳಿದಿದ್ದ ಒಂದು ಟೈಲ್ಸ್, ಹಿಂಜ್ ಬಿಚ್ಚಿ ತೆಗೆದ ಕ್ಯಾಬಿನೆಟ್ ಬಾಗಿಲು, ಒಂದು ಬಾಟಲ್ ನೀರು ತೆಗೆದುಕೊಂಡು ಹೋದೆವು. ಟೈಲ್ಸನ್ನು ನೆಲದ ಮೇಲೆ ಮಲಗಿಸಿ, ಬಾಗಿಲನ್ನು ಸ್ಲ್ಯಾಬಿಗೆ ಒರಗಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಮನೆಯಲ್ಲಿ ಕಣ್ಣಿಗೆ ಬೀಳುವುದು ಹಾಗೇ ಅಲ್ವಾ? ಆಮೇಲೆ ಕಲ್ಲಿನ ಮೇಲೆ ನೀರು ಸುರಿದು, ಅದು ಆರುವ ತನಕ ಕಾಯಿರಿ. ಕೆಲವು ಕಲ್ಲು ನೀರು ಕುಡಿದು ಕಪ್ಪಾಗಿ ಬೇಗ ಆರುವುದೇ ಇಲ್ಲ. ಬೇಸಿನ್ ಸುತ್ತ ದಿನವಿಡೀ ಒದ್ದೆ ಇರುವ ಜಾಗಕ್ಕೆ ಅಂಥದ್ದು ಬೇಡ.

ಕಪ್ಪು ಹಾಕಿಸಿ, ಯಾವುದಕ್ಕೂ ಹೊಂದುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಚಾಮರಾಜನಗರದ ಕಪ್ಪು ಕಲ್ಲಿನ ಅಂದದ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಗಡಸು ನೀರಿನ ಮನೆಯಲ್ಲಿ ಅದರ ಮೇಲೆ ಬಿದ್ದ ಒಂದೊಂದು ಹನಿಯೂ ಒಣಗಿ ಬಿಳಿ ಉಂಗುರವಾಗಿ ಕೂರುತ್ತದೆ. ಟ್ಯಾನ್ ಬ್ರೌನ್ ಅನ್ನುವ ಕಡುಕಂದು ಗ್ರಾನೈಟ್ ನೋಡಿದೆವು, ತೇಗದ ಬಣ್ಣದ ಬಾಗಿಲ ಮೇಲೆ ಅದನ್ನಿಟ್ಟರೆ ಎಲ್ಲ ಒಂದೇ ಮುದ್ದೆಯಾಗಿ ಆ ಚಿಕ್ಕ ಕೋಣೆ ಕತ್ತಲೆ ಕತ್ತಲೆ. ಕೊನೆಗೆ ಒಪ್ಪಿದ್ದು ಕೆನೆ ಬಣ್ಣದ ಮೈಮೇಲೆ ಸಣ್ಣ ಕಂದು ಚುಕ್ಕೆ ಇರುವ ಗ್ರಾನೈಟ್. ಹೆಸರು ಒಂದೊಂದು ಅಂಗಡಿಯಲ್ಲಿ ಒಂದೊಂದು ಹೇಳುತ್ತಾರೆ, ಹೆಸರು ಹಿಡಿದು ಹುಡುಕಬೇಡಿ. ಚುಕ್ಕೆಯ ಕಂದು ನಮ್ಮ ನೆಲದಲ್ಲೂ ಇದೆ, ಬಾಗಿಲಲ್ಲೂ ಇದೆ. ಬಾಗಿಲಲ್ಲಿ ಮರದ ಗೆರೆ ಆಗಲೇ ಇರುವುದರಿಂದ ಕಲ್ಲಿನಲ್ಲೂ ದೊಡ್ಡ ದೊಡ್ಡ ಗೆರೆ, ಅಲೆ ಬೇಡ ಅಂದೆವು. ಎರಡೂ ಸೇರಿದರೆ ಕಣ್ಣಿಗೆ ಗಲಾಟೆ.

ಇನ್ನೊಂದು ವಿಷಯ. 4 ಅಡಿ ಉದ್ದ, 20 ಇಂಚು ಅಗಲದ ಕೌಂಟರ್‌ಗೆ 7 ಚದರ ಅಡಿಯೂ ಬೇಡ. ಇಡೀ ಸ್ಲ್ಯಾಬ್ ಕೊಳ್ಳಬೇಕಿಲ್ಲ, ಅಡುಗೆಮನೆ ಕೆಲಸದಲ್ಲಿ ಉಳಿದ ಕಟ್‌ಪೀಸ್ ಕೇಳಿ. ನಮಗೆ ಸಿಕ್ಕಿದ್ದು ಹಾಗೇ.

ಕೂರಿಸುವಾಗ ಮೇಸ್ತ್ರಿ ಹತ್ತಿರ ನಿಂತು ಒಂದು ಕೆಲಸ ಮಾಡಿಸಿಕೊಳ್ಳಿ. ಕಲ್ಲು ಕ್ಯಾಬಿನೆಟ್‌ಗಿಂತ ಒಂದು ಇಂಚು ಮುಂದೆ ಬರಲಿ, ಆ ಇಂಚಿನ ಕೆಳಮೈಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಕೊರೆಯಲಿ. ಮೇಲಿಂದ ಇಳಿದ ನೀರು ಆ ಗೆರೆ ದಾಟಿ ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನಮ್ಮ ಹಳೆಯ ಮಾರ್ಬಲ್ಲಿಗೂ ಈ ಗೆರೆ ಇತ್ತು. 15 ವರ್ಷ ಆ ಪ್ಲೈ ಉಳಿದಿದ್ದು ಅದರಿಂದಲೂ ಹೌದು.

ನಿಮ್ಮಲ್ಲಿ ಟೈಲ್ಸ್ ಉಳಿದಿಲ್ಲ ಅಂದರೆ ಫೋನಿನ ಫೋಟೊ ನಂಬಿ ಹೋಗಬೇಡಿ, ಅದರಲ್ಲಿ ಬಣ್ಣ ಬೇರೆಯೇ ಬರುತ್ತದೆ. ಇಷ್ಟವಾದ ಕಲ್ಲಿನ ತುಂಡನ್ನೇ ಮನೆಗೆ ತಂದು ಎರಡು ದಿನ ಬಾತ್‌ರೂಮಿನಲ್ಲಿಡಿ. ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ಒಂದು ಸಲ, ರಾತ್ರಿ ಲೈಟ್ ಹಾಕಿ ಒಂದು ಸಲ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.