ಬೇಡ ಅಂದವರನ್ನು ದಾಟಿಕೊಂಡು ಹೋಗುವ ಯುರೋಪ್

ನಿನ್ನೆ ರಾತ್ರಿಯಿಂದ ಕೋಪ ಇಳಿದಿಲ್ಲ. ಇದನ್ನು ಬರೆದು ಮುಗಿಸುವ ತನಕ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ. ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಇಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಒಂದು ಚರ್ಚೆಗೆ ಹೋಗಿದ್ದೆ. ಐರೋಪ್ಯ ಒಕ್ಕೂಟದಲ್ಲಿ ವೀಟೊ ಇನ್ನೂ ಇರಬೇಕೇ, ಬೇಡವೇ ಅನ್ನುವುದು ವಿಷಯ. ಈಗ ವಿದೇಶಾಂಗ ನೀತಿ, ತೆರಿಗೆಯಂಥ ವಿಷಯಗಳಲ್ಲಿ 27 ದೇಶಗಳೂ ಒಪ್ಪಬೇಕು. ಒಂದು ದೇಶ ಬೇಡ ಅಂದರೂ ಕೆಲಸ ನಿಲ್ಲುತ್ತದೆ. ವೀಟೊ ತೆಗೆದರೆ 15 ದೇಶ ಒಪ್ಪಿದರೆ ಸಾಕು, ಆ ದೇಶಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನ ಇರಬೇಕು ಅಷ್ಟೇ. ತೆಗೆಯಬೇಕು ಅನ್ನುವವರ ಕಾರಣ ನನಗೆ ಅರ್ಥವಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಉಕ್ರೇನ್‌ಗೆ 50 ಶತಕೋಟಿ ಯೂರೊ ಕೊಡುವ ನಿರ್ಧಾರವನ್ನು ಹಂಗರಿಯ ಅಂದಿನ ಪ್ರಧಾನಿ ವಿಕ್ಟೋರ್ ಓರ್ಬಾನ್ ಒಬ್ಬರೇ ತಡೆದು ನಿಲ್ಲಿಸಿದರು. ಫೆಬ್ರವರಿ ತನಕ ಉಳಿದ 26 ದೇಶಗಳು ಕಾಯಬೇಕಾಯಿತು. ಯುದ್ಧ ನಡೆಯುತ್ತಿರುವಾಗ ಇದು ಸಣ್ಣ ವಿಷಯ ಅಲ್ಲ.

ನನಗೆ ಸಿಟ್ಟು ಬಂದದ್ದು ವೀಟೊ ವಿಷಯಕ್ಕಲ್ಲ. ವೇದಿಕೆಯಲ್ಲಿದ್ದ ಒಬ್ಬರು ಹೇಳಿದರು: ಇದಕ್ಕೆಲ್ಲ ಒಪ್ಪಂದ ತಿದ್ದಬೇಕಿಲ್ಲ, ಜನಮತಗಣನೆ ಬೇಕಿಲ್ಲ, ಈಗಿನ ಒಪ್ಪಂದದಲ್ಲೇ ದಾರಿ ಇದೆ, ಜನರನ್ನು ಕೇಳಿದರೆ ಏನಾಗುತ್ತದೆ ಅಂತ 2005ರಲ್ಲಿ ನೋಡಿದ್ದೇವಲ್ಲ. ಸಭೆಯಲ್ಲಿ ನಗು. ಹಿಂದಿನ ಸಾಲಿನಿಂದ ಚಪ್ಪಾಳೆ ಕೂಡ.

ಆ ದಾರಿ ಇರುವುದು ನಿಜ. ಮಿಲಿಟರಿಯಂಥ ಕೆಲವು ವಿಷಯ ಬಿಟ್ಟು ಉಳಿದವುಗಳಲ್ಲಿ, ಎಲ್ಲ ನಾಯಕರೂ ಒಮ್ಮೆ ಒಪ್ಪಿ, ಯಾವ ದೇಶದ ಸಂಸತ್ತೂ ಆರು ತಿಂಗಳೊಳಗೆ ತಕರಾರು ತೆಗೆಯದೆ, ಐರೋಪ್ಯ ಸಂಸತ್ತು ಹೂಂ ಅಂದರೆ, ವೀಟೊ ಹೋಗುತ್ತದೆ. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ನಗು ಯಾಕೆ ಬಂತು? 2005ರಲ್ಲಿ ಓಟು ಹಾಕಿದವರು ಇದೇ ಊರಿನವರು ಅಲ್ವಾ?

ಹೊಸಬರಿಗಾಗಿ ಹೇಳುತ್ತೇನೆ. ಆಗ ಯುರೋಪಿಗೆ ಒಂದು ಸಂವಿಧಾನ ಬರೆದಿದ್ದರು. ಅದನ್ನು 2005ರ ಮೇ 29ರಂದು ಫ್ರಾನ್ಸ್ ಸುಮಾರು ಶೇ 55 ಮತಗಳಿಂದ ತಿರಸ್ಕರಿಸಿತು. ಮೂರು ದಿನದ ನಂತರ, ಜೂನ್ 1ರಂದು, ನೆದರ್ಲೆಂಡ್ಸ್ ಶೇ 61.5ರಷ್ಟು ಬೇಡ ಅಂದಿತು. ಮತದಾನ ಮಾಡಿದವರು ಶೇ 63. ಐರೋಪ್ಯ ಸಂಸತ್ತಿನ ಚುನಾವಣೆಗೆ ಇಲ್ಲಿ ಅಷ್ಟು ಜನ ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜ, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಆ ಓಟಿನ ಬಗ್ಗೆ ಈಗಲೂ ಮಾತಾಡುತ್ತಾರೆ. ಅವರು ಯುರೋಪ್ ದ್ವೇಷಿ ಅಲ್ಲ. ಎರಡನೇ ಮಹಾಯುದ್ಧದ ಕೊನೆಯ ಕಾಲದ ಹಸಿವಿನ ಕಥೆಯನ್ನು ಅಮ್ಮನ ಬಾಯಲ್ಲಿ ಕೇಳಿ ಬೆಳೆದವರು. ಒಕ್ಕೂಟ ಬೇಕು ಅನ್ನುತ್ತಾರೆ. ಆದರೆ ಗಿಲ್ಡರ್ ಹೋಗಿ ಯೂರೊ ಬಂದಾಗ ತಮ್ಮನ್ನು ಯಾರೂ ಕೇಳಲಿಲ್ಲ, ಹತ್ತು ಹೊಸ ದೇಶಗಳನ್ನು ಸೇರಿಸಿದಾಗಲೂ ಕೇಳಲಿಲ್ಲ, ಮೊದಲ ಸಲ ಕೇಳಿದಾಗ ಇಷ್ಟು ದಿನದ್ದೆಲ್ಲ ಸೇರಿಸಿ ಉತ್ತರ ಕೊಟ್ಟೆ ಅನ್ನುತ್ತಾರೆ. ಇದರಲ್ಲಿ ಅರ್ಥವಾಗದ್ದು ಏನಿದೆ?

ಆಮೇಲೆ ಆದದ್ದೇನು? ಸಂವಿಧಾನ ಅನ್ನುವ ಹೆಸರು ತೆಗೆದರು. ಬಾವುಟ, ಗೀತೆಯ ಸಾಲುಗಳನ್ನು ಕೈಬಿಟ್ಟರು. ಉಳಿದದ್ದರಲ್ಲಿ ಹೆಚ್ಚಿನದನ್ನು ಹಳೆಯ ಒಪ್ಪಂದಗಳ ತಿದ್ದುಪಡಿಯಾಗಿ ಬರೆದು, 2007ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ಸಹಿ ಹಾಕಿದರು. ಮೊದಲ ಕರಡು ಮಾಡಿಸಿದ ವ್ಯಾಲೆರಿ ಜಿಸ್ಕಾರ್ ದೆಸ್ತಾನ್ ಅವರೇ, ಒಳಗಿನ ಸಾಮಾನು ಹೆಚ್ಚು ಕಡಿಮೆ ಅದೇ, ಜೋಡಿಸಿದ ಕ್ರಮ ಬೇರೆ ಅನ್ನುವ ಅರ್ಥದಲ್ಲಿ ಬರೆದರು. ಫ್ರಾನ್ಸ್‌ನಲ್ಲಿ ಸಂಸತ್ತು ಅನುಮೋದನೆ ಕೊಟ್ಟಿತು. ಇಲ್ಲೂ ಅಷ್ಟೇ. ಎರಡು ಕಡೆಯೂ ಜನರನ್ನು ಎರಡನೇ ಸಲ ಕೇಳಲಿಲ್ಲ.

ಅಣ್ಣತಮ್ಮಂದಿರು ಆಸ್ತಿ ಒಟ್ಟು ಮಾಡೋಣ ಅಂತ ಕೂತಾಗ ಒಬ್ಬ ತಮ್ಮ ಬೇಡ ಅಂದ ಅಂದುಕೊಳ್ಳಿ. ಅವನು ಎದ್ದು ಹೋದ ಮೇಲೆ ಪತ್ರದ ತಲೆಬರಹ ಬದಲಿಸಿ ಅವನ ಮಗನ ಕೈಲಿ ಸಹಿ ಹಾಕಿಸಿದರೆ, ಆ ಮನೆಯಲ್ಲಿ ಮುಂದೆ ಯಾರು ಯಾರ ಮಾತನ್ನು ನಂಬುತ್ತಾರೆ?

ಫ್ರಾನ್ಸ್‌ನ ಸಾರ್ಕೋಜಿ, ಸಂಸತ್ತಿನಲ್ಲೇ ಅನುಮೋದನೆ ಪಡೆಯುತ್ತೇನೆ ಅಂತ 2007ರ ಅಧ್ಯಕ್ಷ ಚುನಾವಣೆಗೆ ಮೊದಲೇ ಹೇಳಿದ್ದರು, ಹೇಳಿಯೇ ಗೆದ್ದರು ಅಂತ ವಾದಿಸುವವರಿದ್ದಾರೆ. ಹೇಳಿದ್ದು ನಿಜ. ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಸಂಬಳ, ಕೆಲಸ, ವಲಸೆ, ಪೊಲೀಸ್ ಅಂತ ನೂರು ವಿಷಯ ಇರುತ್ತದೆ. ಒಂದೇ ಪ್ರಶ್ನೆಗೆ ಜನ ನೇರವಾಗಿ ಕೊಟ್ಟ ಉತ್ತರವನ್ನು ನೂರು ಪ್ರಶ್ನೆಯ ಉತ್ತರದಿಂದ ಅಳಿಸಿ ಹಾಕುವುದು ನ್ಯಾಯ ಅಲ್ಲ.

ಲಿಸ್ಬನ್ ಒಪ್ಪಂದದ ಬಗ್ಗೆ ಜನರನ್ನು ಕೇಳಿದ್ದು ಐರ್ಲೆಂಡ್ ಮಾತ್ರ. ಅದೂ ಸರ್ಕಾರದ ಒಳ್ಳೆಯ ಮನಸ್ಸಿನಿಂದ ಅಲ್ಲ. ರೇಮಂಡ್ ಕ್ರಾಟಿ ಎಂಬ ಅರ್ಥಶಾಸ್ತ್ರಜ್ಞ, ಮೊದಲು ರೈತರಾಗಿದ್ದವರು, ತಮ್ಮ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋಗಿದ್ದರು. ದೇಶದ ಅಧಿಕಾರವನ್ನು ಹೊರಗೆ ಬಿಟ್ಟುಕೊಡುವುದಾದರೆ ಸಂವಿಧಾನ ತಿದ್ದಬೇಕು, ತಿದ್ದಲು ಜನರನ್ನು ಕೇಳಬೇಕು ಅಂತ 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯನ ಹಟ. ಅವರ ಹೆಸರು ಇಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ಮಟ್ಟಿಗೆ ಯುರೋಪಿನ ದೊಡ್ಡ ನಾಯಕರ ಸಾಲಿನಲ್ಲೇ ಅವರ ಹೆಸರೂ ಬರಬೇಕು.

2008ರ ಜೂನ್ 12ರಂದು ಐರಿಷ್ ಜನ ಶೇ 53.4ರಷ್ಟು ಬೇಡ ಅಂದರು. ಹದಿನಾರು ತಿಂಗಳೊಳಗೆ ಮತ್ತೆ ಕೇಳಿದರು. ಈ ಸಲ ಶೇ 67 ಬೇಕು. ನಡುವೆ ಭರವಸೆಗಳು ಸಿಕ್ಕವು ಅನ್ನುತ್ತಾರೆ. ಸಿಕ್ಕವು, ಅದನ್ನು ಮುಚ್ಚಿಡುವುದಿಲ್ಲ. ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಪ್ರತಿ ದೇಶಕ್ಕೂ ಒಬ್ಬ ಕಮಿಷನರ್ ಉಳಿಯುತ್ತಾರೆ, ಐರ್ಲೆಂಡಿನ ತೆರಿಗೆಗೆ, ತಟಸ್ಥ ನೀತಿಗೆ ಕೈ ಹಾಕುವುದಿಲ್ಲ ಅಂತ ಬರೆದುಕೊಟ್ಟರು. ಆದರೆ ಅದೇ ಹೊತ್ತಿನಲ್ಲಿ ಐರಿಷ್ ಬ್ಯಾಂಕುಗಳು ಕುಸಿದು, ಕೆಲಸ ಹೋಗಿ, ಜನ ಹೆದರಿ ಕೂತಿದ್ದರು. ಒಪ್ಪಂದದ ಪಠ್ಯದಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ. ಮೊದಲ ಸಲವೇ ಬೇಕು ಅಂದಿದ್ದರೆ ಇನ್ನೊಮ್ಮೆ ಕೇಳುತ್ತಿದ್ದರಾ?

ಈಗ ನಾನು ಜಾಸ್ತಿ ಕೇಳುವ ಮಾತಿಗೆ ಬರುತ್ತೇನೆ. ಇವೆಲ್ಲ ಕ್ಲಿಷ್ಟ ವಿಷಯ, ಸಾಮಾನ್ಯ ಜನರಿಗೆ ಅರ್ಥವಾಗಲ್ಲ, ಅವರು ಬೇರೆ ಯಾವುದೋ ಸಿಟ್ಟಿಗೆ ಓಟು ಹಾಕುತ್ತಾರೆ. ನಿನ್ನೆಯೂ ಬಂತು ಈ ಮಾತು.

ನಾನು ಇನ್ನೂ ಭಾರತದ ಪಾಸ್‌ಪೋರ್ಟ್‌ನವಳು, ನಿಮಗೆಲ್ಲ ಗೊತ್ತು. ಇಲ್ಲಿನ ಸಂಸತ್ತಿಗಾಗಲಿ ಐರೋಪ್ಯ ಸಂಸತ್ತಿಗಾಗಲಿ ನನಗೆ ಓಟಿಲ್ಲ. ಆದರೆ ನೀರಿನ ಮಂಡಳಿಗೆ ಇದೆ. ಈ ದೇಶದಲ್ಲಿ 21 ನೀರಿನ ಮಂಡಳಿಗಳಿವೆ. ಕಟ್ಟೆ ಎಷ್ಟು ಎತ್ತರ ಇರಬೇಕು, ಕಾಲುವೆಯ ನೀರು ಎಷ್ಟಕ್ಕೆ ನಿಲ್ಲಬೇಕು, ಅದಕ್ಕೆ ಯಾರು ಎಷ್ಟು ತೆರಿಗೆ ಕಟ್ಟಬೇಕು ಅನ್ನುವುದೆಲ್ಲ ಅವುಗಳ ಕೆಲಸ. ನೀರು ಇಳಿಸಿದರೆ ದನದ ಹುಲ್ಲುಗಾವಲಿಗೆ ಒಳ್ಳೆಯದು. ಆದರೆ ಜೌಗು ಮಣ್ಣು ಒಣಗಿ ಕುಸಿಯುತ್ತದೆ, ಹಳೆಯ ಮನೆಗಳ ಮರದ ಅಡಿಪಾಯ ಕೊಳೆಯುತ್ತದೆ. 2023ರ ಮಾರ್ಚ್ 15ರಂದು ಕೆಂಪು ಪೆನ್ಸಿಲ್ ಹಿಡಿದು ಆ ದೊಡ್ಡ ಹಾಳೆಯಲ್ಲಿ ಒಂದು ವೃತ್ತ ತುಂಬಿಸಿದೆ. ನನ್ನ ಮುಂದೆ ಇದ್ದವಳು ಸೂಪರ್‌ಮಾರ್ಕೆಟ್‌ನ ಸಮವಸ್ತ್ರದಲ್ಲೇ ಬಂದಿದ್ದಳು. ನಮಗಿಬ್ಬರಿಗೂ ಇದು ಅರ್ಥವಾಗುತ್ತದಾ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲದ ನೀರಿನ ವಿಷಯದಲ್ಲಿ ಜನರನ್ನು ನಂಬುವ ದೇಶ, ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ವಿಷಯ ಬಂದಾಗ ಮಾತ್ರ ಜನರಿಗೆ ತಿಳಿಯಲ್ಲ ಅನ್ನುವುದು ಹೇಗೆ?

ಇನ್ನೊಂದು ವಿಷಯ ಹೇಳದೆ ಇರಲಾರೆ. ಇಲ್ಲಿ 2015ರಲ್ಲಿ ಸಲಹಾ ಜನಮತಗಣನೆಯ ಕಾನೂನು ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ಉಕ್ರೇನ್ ಜೊತೆಗಿನ ಒಕ್ಕೂಟದ ಸಹಯೋಗ ಒಪ್ಪಂದದ ಮೇಲೆ ಓಟು ನಡೆದು ಶೇ 61 ವಿರೋಧ ಬಂತು. ಓಟು ಹಾಕಿದವರು ಶೇ 32 ಮಾತ್ರ, ಹೌದು. ನನಗೆ ಆ ಫಲಿತಾಂಶ ಇಷ್ಟವಾಗಲಿಲ್ಲ. ಅದಾದ ಎರಡು ವರ್ಷಕ್ಕೆ ಕಾನೂನನ್ನೇ ರದ್ದು ಮಾಡಿದರು. ರದ್ದು ಮಾಡುವ ಮಸೂದೆಯ ಮೇಲೆ ಜನಮತಗಣನೆ ಕೇಳುವಂತಿಲ್ಲ ಅಂತ ಅದೇ ಮಸೂದೆಯಲ್ಲಿ ಬರೆದರು. ಅದನ್ನು ತಂದ ಸಚಿವೆ ಡಿ66 ಪಕ್ಷದವರು. ಜನರ ಕೈಗೆ ಹೆಚ್ಚು ಅಧಿಕಾರ ಬರಬೇಕು ಅಂತಲೇ 1966ರಲ್ಲಿ ಹುಟ್ಟಿದ ಪಕ್ಷ ಅದು. ಓದಿದಾಗ ನನ್ನ ಹೊಟ್ಟೆ ಉರಿದಿತ್ತು, ಇವತ್ತಿಗೂ ಉರಿಯುತ್ತದೆ.

ಬೇಡ ಅನ್ನುವ ಉತ್ತರವನ್ನು ಗೌರವಿಸಿದರೆ ಒಕ್ಕೂಟ ನಿಂತುಹೋಗುತ್ತದೆ ಅನ್ನುವವರು ಡೆನ್ಮಾರ್ಕ್ ನೋಡಲಿ. 1992ರ ಜೂನ್‌ನಲ್ಲಿ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಡೇನರು ಶೇ 50.7ರಷ್ಟು ಬೇಡ ಅಂದರು. ಅವರನ್ನೂ ಮರುವರ್ಷ ಮತ್ತೆ ಕೇಳಿ ಹೂಂ ಅನ್ನಿಸಿದರು ನಿಜ. ಆ ಎರಡನೇ ಓಟಿನ ರಾತ್ರಿ ಕೋಪನ್‌ಹೇಗನ್‌ನಲ್ಲಿ ಗಲಭೆಯಾಗಿ ಪೊಲೀಸರ ಗುಂಡಿಗೆ 11 ಜನ ಗಾಯಗೊಂಡರು, ಅದನ್ನೂ ಮರೆಯಬಾರದು. ಆದರೆ ಅಲ್ಲಿ ಒಂದು ವ್ಯತ್ಯಾಸ ಇತ್ತು. ಯೂರೊ, ರಕ್ಷಣೆ, ನ್ಯಾಯ ವ್ಯವಸ್ಥೆ, ಪೌರತ್ವ, ಈ ನಾಲ್ಕರಲ್ಲೂ ಡೆನ್ಮಾರ್ಕ್‌ಗೆ ವಿನಾಯಿತಿ ಸಿಕ್ಕಿತು. ಅದು ಬಾಯಿಮಾತಾಗಿ ಉಳಿಯಲಿಲ್ಲ. 2000ದಲ್ಲಿ ಯೂರೊ ಬೇಕಾ ಅಂತ ಕೇಳಿದಾಗ ಬೇಡ ಅಂದರು. ಇವತ್ತಿಗೂ ಅಲ್ಲಿ ಅವರದೇ ನಾಣ್ಯ ಕ್ರೋನ್ ನಡೆಯುತ್ತದೆ, ಆಕಾಶ ಬಿದ್ದಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಆ ಜೂನ್ 1ರಂದು, ರಕ್ಷಣೆಯ ವಿನಾಯಿತಿ ಬಿಡೋಣವೇ ಅಂತ ಡೇನರನ್ನು ಕೇಳಿದರು. ಶೇ 66.9 ಜನ ಬಿಡೋಣ ಅಂದರು. ಮೂವತ್ತು ವರ್ಷ ಹಿಡಿಯಿತು. ಹಿಡಿಯಲಿ. ಆ ಹೌದು ಅವರದೇ, ನಾಳೆ ಯಾರೂ ಬಂದು ಇದು ನಮ್ಮ ಬೆನ್ನ ಹಿಂದೆ ಆಯಿತು ಅನ್ನುವಂತಿಲ್ಲ.

ಬ್ರಿಟನ್‌ನಲ್ಲಿ ಹೀಗಾಗಲಿಲ್ಲ. ಆ ಐರೋಪ್ಯ ಸಂವಿಧಾನದ ಮೇಲೆ ಜನಮತಗಣನೆ ಮಾಡುತ್ತೇವೆ ಅಂತ ಲೇಬರ್ ಪಕ್ಷ ಮಾತು ಕೊಟ್ಟಿತ್ತು, ಲಿಸ್ಬನ್‌ಗೆ ಮಾಡಲಿಲ್ಲ. ಬ್ರೆಕ್ಸಿಟ್‌ಗೆ ಇದೊಂದೇ ಕಾರಣ ಅಲ್ಲ. ಆದರೆ ಹತ್ತು ವರ್ಷ ಕೂಡಿಟ್ಟ ಸಿಟ್ಟಿನಲ್ಲಿ ಇದರ ಪಾಲೂ ಇತ್ತು ಅಂತ ನನ್ನ ನಂಬಿಕೆ.

ಊರಿನಿಂದ ಕೆಲವರು ಕೇಳುತ್ತೀರಿ, ನಮಗೂ ಜಿಎಸ್‌ಟಿ, ತೆರಿಗೆ ಪಾಲು ಅಂತ ಇದೇ ಜಗಳ ಅಲ್ವಾ ಅಂತ. ಪೂರ್ತಿ ಅಲ್ಲ. ಕರ್ನಾಟಕ ಒಂದು ದೇಶದ ರಾಜ್ಯ. ಇಲ್ಲಿ 27 ದೇಶಗಳು ತಮ್ಮ ಅಧಿಕಾರವನ್ನು ತಾವಾಗಿ ಒಂದು ಕಡೆ ಇಟ್ಟಿವೆ, ಬೇಕಾದರೆ ಬಿಟ್ಟು ಹೋಗಬಹುದು. ತಾವಾಗಿ ಕೊಟ್ಟದ್ದು ಅನ್ನುವುದೇ ಈ ಒಕ್ಕೂಟದ ಬಲ. ಅದಕ್ಕೇ ಜನರ ಒಪ್ಪಿಗೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು.

ನನಗೆ ಈ ಒಕ್ಕೂಟ ಬೇಕು. ಉಟ್ರೆಕ್ಟ್‌ನಲ್ಲಿ ರೈಲು ಹತ್ತಿದರೆ ಆರ್ನ್‌ಹೆಮ್ ದಾಟಿ ಜರ್ಮನಿಯ ಕಲೋನ್‌ಗೆ ಹೋಗಿ ಇಳಿಯುತ್ತೇನೆ. ಒಂದು ಕಾಲಕ್ಕೆ ಟ್ಯಾಂಕುಗಳು ದಾಟಿದ ಗಡಿ ಅದು. ವೀಟೊ ವಿಷಯದಲ್ಲಿ ನನಗೆ ಓಟಿದ್ದರೆ ತೆಗೆಯಿರಿ ಅಂತಲೇ ಹಾಕುತ್ತಿದ್ದೆ. ಆದರೆ ಪಕ್ಕದ ಮನೆಯ ಅಜ್ಜ ಬೇಡ ಅಂದು ಅವರ ಕಡೆಯವರು ಗೆದ್ದರೆ, ನನ್ನ ಕಡೆಯವರು ಸುಮ್ನೆ ಕೂತು ಮುಂದಿನ ಅವಕಾಶದ ತನಕ ಅವರ ಜೊತೆ ಮಾತಾಡಬೇಕು. ಅಡ್ಡದಾರಿ ಹುಡುಕಬಾರದು.

ಐಂಡ್‌ಹೋವನ್, ಡಬ್ಲಿನ್, ಮ್ಯೂನಿಕ್ ಕಡೆ ಇದ್ದು ಅಲ್ಲಿನ ಪೌರತ್ವ ಪಡೆದಿರುವ ಗೆಳೆಯರೇ, ನಿಮಗೆ ಓಟಿದೆ. ಐರೋಪ್ಯ ಸಂಸತ್ತಿಗೆ ಮುಂದಿನ ಚುನಾವಣೆ 2029ರಲ್ಲಿ. ನಿಮ್ಮ ದೇಶದ ಸದಸ್ಯರಿಗೆ ಈಗಲೇ ಒಂದು ಇಮೇಲ್ ಹಾಕಿ ಕೇಳಿ: ವೀಟೊ ತೆಗೆಯುವುದಾದರೆ ನಮ್ಮನ್ನು ಕೇಳಿ ತೆಗೆಯುತ್ತೀರಾ, ನಾವು ಬೇಡ ಅಂದರೆ ನಿಲ್ಲಿಸುತ್ತೀರಾ? ಬಂದ ಉತ್ತರವನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿ. ನಾನು ಓದುತ್ತೇನೆ.