ಪ್ರಸಂಗಿ ಸುಖಕ್ಕೆ ಶತ್ರು ಅಲ್ಲ

ಸತ್ಯವೇದದ (ಬೈಬಲಿನ) 'ಪ್ರಸಂಗಿ' ಪುಸ್ತಕದ 2ನೇ ಅಧ್ಯಾಯವನ್ನು ಯುವಜನರ ಕೂಟಗಳಲ್ಲಿ ಆಗಾಗ ಓದುತ್ತಾರೆ. ಓದಿ, ಪಾರ್ಟಿ, ಪ್ರವಾಸ, ದುಡ್ಡು ಎಲ್ಲಾ ವ್ಯರ್ಥ, ದೂರ ಇರಿ ಅಂತ ಹೇಳಿ ಮುಗಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪೂರ್ತಿ ಓದಿದರೆ ಪ್ರಸಂಗಿ ಹೇಳೋದೇ ಬೇರೆ.

ಪ್ರಸಂಗಿ ಅಂದರೆ ಬೋಧಕ. ಅಲ್ಲಿ ಮಾತಾಡುವ ಅವನು ದಾವೀದನ ಮಗ, ಯೆರೂಸಲೇಮಿನ ಅರಸ. ಹಾಗಾಗಿ ಸೊಲೊಮೋನನೇ ಬರೆದದ್ದು ಅನ್ನೋದು ಹಳೆಯ ನಂಬಿಕೆ. ಪುಸ್ತಕ ಅವನ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದಕ್ಕೆ ಒಂದು ಕಾರಣ, ಅದರ ಹೀಬ್ರೂವಿನಲ್ಲಿ ಅವನ ಕಾಲದ ನಂತರ ಬಂದ ಪರ್ಷಿಯನ್ ಪದಗಳೂ ಸೇರಿವೆ.

ಯಾರೇ ಬರೆದಿರಲಿ, ಸುಖವನ್ನು ಪರೀಕ್ಷೆ ಮಾಡಿಯೇ ಬಿಡುತ್ತಾನೆ. ಅದೂ ಅರೆಬರೆ ಅಲ್ಲ. ನಗು, ದ್ರಾಕ್ಷಾರಸ, ಮನೆಗಳು, ದ್ರಾಕ್ಷಿತೋಟ, ಹಣ್ಣಿನ ಮರಗಳು, ಆ ಮರಗಳಿಗೆ ನೀರು ಹಾಯಿಸೋಕೆ ಕೆರೆಗಳು, ಬೆಳ್ಳಿ ಬಂಗಾರ, ಹಾಡುವ ಗಂಡಸರು, ಹೆಂಗಸರು. ಕಣ್ಣು ಬಯಸಿದ್ದು ಯಾವುದನ್ನೂ ಬೇಡ ಅನ್ನಲಿಲ್ಲ. ಕುಡಿಯುವಾಗಲೂ ಬುದ್ಧಿ ಕೈಬಿಡಲಿಲ್ಲ ಅಂತ ಬೇರೆ ಹೇಳುತ್ತಾನೆ. ಕುಡಿದು ಹಾಳಾದವನ ಪಶ್ಚಾತ್ತಾಪ ಅಲ್ಲ ಇದು. 10ನೇ ವಾಕ್ಯದಲ್ಲಿ, ಪಟ್ಟ ಶ್ರಮದಲ್ಲಿ ಮನಸ್ಸು ಹಿಗ್ಗಿತು ಅಂತಲೇ ಒಪ್ಪಿಕೊಳ್ಳುತ್ತಾನೆ. 11ರಲ್ಲಿ ಎಲ್ಲವನ್ನೂ ಒಮ್ಮೆ ನೋಡುತ್ತಾನೆ, ಗಾಳಿಯನ್ನು ಹಿಂದಟ್ಟಿದ ಹಾಗೆ ಕಾಣುತ್ತದೆ.

ಯಾಕೆ? ಜಾಣನೂ ಸಾಯುತ್ತಾನೆ, ಮೂಢನೂ ಸಾಯುತ್ತಾನೆ. ಕಟ್ಟಿದ್ದನ್ನೆಲ್ಲ ಮುಂದೆ ಬರುವವನಿಗೆ ಬಿಟ್ಟು ಹೋಗಬೇಕು, ಅವನು ಜಾಣನೋ ದಡ್ಡನೋ ಯಾರಿಗೆ ಗೊತ್ತು? ಖುಷಿಯಿಂದ ಸಾವನ್ನು ಗೆಲ್ಲೋಕಾಗಲ್ಲ. ಅವನ ಸಂಕಟ ಇರೋದು ಇಲ್ಲಿ.

ನನ್ನನ್ನು ಜಾಸ್ತಿ ಕಾಡೋದು ಮಾತ್ರ ಆ ಪಟ್ಟಿಯ ಮಧ್ಯದ ಒಂದು ಸಾಲು. ಕೆರೆಗಳು ಆದ ಮೇಲೆ, ದನಕುರಿಗಳಿಗಿಂತ ಮೊದಲು, ದಾಸದಾಸಿಯರು ಬರುತ್ತಾರೆ. ಕೊಂಡುಕೊಂಡ ಜನ. ಆ ಕೆರೆಗಳನ್ನು ತೋಡಿದವರು ಯಾರು? ಅದನ್ನು ಅವನು ಹೇಳೋದಿಲ್ಲ. ಮನೆ ತನಗಾಗಿ, ತೋಟ ತನಗಾಗಿ, ಹಾಡುಗಾರರೂ ತನಗಾಗಿ. ಜೊತೆಗೆ ಊಟಕ್ಕೆ ಕೂತವರು ಒಬ್ಬರೂ ಕಾಣೋದಿಲ್ಲ. ಅಂಥ ಸುಖ ಖಾಲಿ ಅನಿಸದೆ ಇನ್ನೇನಾಗುತ್ತೆ?

4ನೇ ಅಧ್ಯಾಯಕ್ಕೆ ಬಂದರೆ ದನಿಯೇ ಬೇರೆ. ಶುರುವಾಗೋದೇ ತುಳಿತಕ್ಕೊಳಗಾದವರ ಕಣ್ಣೀರಿನಿಂದ, ಅವರನ್ನು ಸಂತೈಸುವವರು ಯಾರೂ ಇಲ್ಲವಲ್ಲ ಅನ್ನುವ ನೋವಿನಿಂದ. ಆಮೇಲೆ ಮಗನೂ ಇಲ್ಲದ, ಅಣ್ಣತಮ್ಮಂದಿರೂ ಇಲ್ಲದ ಒಬ್ಬಂಟಿ ಬರುತ್ತಾನೆ. ಅವನ ದುಡಿತಕ್ಕೆ ಕೊನೆಯೇ ಇಲ್ಲ. ಯಾರಿಗೋಸ್ಕರ ಇದೆಲ್ಲ ಅನ್ನುವ ಪ್ರಶ್ನೆ ಅಲ್ಲೇ ಏಳುತ್ತದೆ. ಒಬ್ಬನಿಗಿಂತ ಇಬ್ಬರು ಲೇಸು, ಬಿದ್ದರೆ ಎತ್ತೋಕೆ ಇನ್ನೊಬ್ಬ ಇರುತ್ತಾನೆ ಅನ್ನುವ ಮಾತು ಬರೋದು ಅದರ ಬೆನ್ನಿಗೇ. 5ನೇ ಅಧ್ಯಾಯದಲ್ಲಿ ದುಡಿಯುವವನು ಸ್ವಲ್ಪ ಉಂಡರೂ ಹೆಚ್ಚು ಉಂಡರೂ ಹಾಯಾಗಿ ಮಲಗುತ್ತಾನೆ, ಸಿರಿವಂತನಿಗೆ ಅವನ ಸಿರಿಯೇ ನಿದ್ದೆ ಕೊಡೋದಿಲ್ಲ. (ಬಡವ ಹೇಗೂ ಸುಖವಾಗಿದ್ದಾನೆ ಅಂತ ವಾದಿಸೋಕೆ ದಯವಿಟ್ಟು ಈ ವಾಕ್ಯ ಬಳಸಬೇಡಿ. ಅವನ ಕಣ್ಣೀರನ್ನೂ ಇದೇ ಪುಸ್ತಕ ಕಂಡಿದೆ.)

2ನೇ ಅಧ್ಯಾಯವೂ ವ್ಯರ್ಥ ಅನ್ನುವಲ್ಲಿಗೇ ನಿಲ್ಲೋದಿಲ್ಲ. ಉಂಡು ಕುಡಿದು, ಮಾಡುವ ಕೆಲಸದಲ್ಲಿ ಸುಖ ಕಾಣೋದಕ್ಕಿಂತ ಒಳ್ಳೇದು ಮನುಷ್ಯನಿಗೆ ಇಲ್ಲ, ಅದೂ ದೇವರ ಕೈಯಿಂದಲೇ ಬರೋದು ಅನ್ನುತ್ತದೆ 24ನೇ ವಾಕ್ಯ. 9ನೇ ಅಧ್ಯಾಯದಲ್ಲಂತೂ ಅಪ್ಪಣೆಯನ್ನೇ ಕೊಡುತ್ತಾನೆ. ಹೋಗು, ಸಂತೋಷದಿಂದ ಊಟ ಮಾಡು, ಬಿಳಿ ಬಟ್ಟೆ ತೊಡು, ತಲೆಗೆ ಎಣ್ಣೆ ಹಚ್ಚಿಕೋ, ಪ್ರೀತಿಯ ಹೆಂಡತಿ ಜೊತೆ ಸುಖವಾಗಿ ಬಾಳು. ಸತ್ತವರಿಗೆ ಏನೂ ತಿಳಿಯದು ಅಂದ ಮೇಲೆ ಹೇಳುವ ಮಾತಿದು. ಇಲ್ಲಿ ಅರಮನೆಯಿಲ್ಲ, ಕೆರೆಯಿಲ್ಲ, ದಾಸರಿಲ್ಲ. ಜೊತೆಗೊಬ್ಬಳು ಇದ್ದಾಳೆ.